ಜಾಯಿಂಟ್ ವೀಲ್ ತಿರುಗಿಸುವವನಿಗೂ ನಿಯಮ ಬೇಕು
(ಹೊಸದುರ್ಗದಲ್ಲಿ ಮಾಡಿದ ಭಾಷಣ)



ನಾಡುನುಡಿಯ ವೇದಿಕೆಯಲ್ಲಿ ಪ್ರೆಸ್ಸಿನವನೊಬ್ಬ ಜಾಯಿಂಟ್ ವೀಲ್ ವಿಚಾರ ಯಾಕೆ ಎತ್ತಿದ ಎನ್ನುತ್ತೀರಿ. ಹೇಳುತ್ತೇನೆ. ಹಿರಿಯೂರಿನ ತೇರುಮಲ್ಲೇಶ್ವರ, ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿ, ನಮ್ಮ ಸೀಮೆಯ ಹಳ್ಳಿ ಜಾತ್ರೆ, ಎಲ್ಲಿ ತೇರು ಹರಿದರೂ ಬಯಲಲ್ಲಿ ಜಾಯಿಂಟ್ ವೀಲ್, ಕೊಲಂಬಸ್, ಟೊರಟೊರ ಎದ್ದು ನಿಲ್ಲುತ್ತವೆ. ಟಿಕೆಟ್ ಬುಕ್ ಅಚ್ಚು ಹಾಕಿಸಲು ಬಂದವರನ್ನು ಕಂಡಿದ್ದೇನೆ. ಎಚ್ಚರಿಕೆಯ ಹಲಗೆ ಮಾಡಿಸಲು ಬಂದವರನ್ನು ಈವರೆಗೆ ಕಂಡಿಲ್ಲ.

2019ರ ಜುಲೈ 14ರಂದು ಅಹಮದಾಬಾದಿನ ಕಾಂಕರಿಯಾದಲ್ಲಿ ತೂಗುಯಂತ್ರದ ತೋಳೇ ಮುರಿದು ಇಬ್ಬರು ಸತ್ತರು. 2022ರ ಸೆಪ್ಟೆಂಬರಿನಲ್ಲಿ ಮೊಹಾಲಿಯ ಮೇಳದಲ್ಲಿ ಮೇಲಕ್ಕೇರಿದ ಯಂತ್ರ ಜನರ ಸಮೇತ ನೆಲಕ್ಕೆ ಅಪ್ಪಳಿಸಿತು. ದೂರದ ಮಾತು ಬಿಡಿ, 2024ರಲ್ಲಿ ನಮ್ಮ ಶ್ರೀರಂಗಪಟ್ಟಣದಲ್ಲೇ ಒಬ್ಬ ಹುಡುಗಿಯ ಕೂದಲು ಜಾಯಿಂಟ್ ವೀಲಿಗೆ ಸಿಕ್ಕಿಕೊಂಡಿತು.

ಯಂತ್ರದ ಪಕ್ಕ ನಿಂತು ಅನ್ನ ತಿನ್ನುವವನು ನಾನು. ತಿರುಗುವ ಭಾಗಕ್ಕೆ ತಡೆ ಇರಬೇಕು, ಓಡುವ ಯಂತ್ರಕ್ಕೆ ಎಣ್ಣೆ ಬಿಡುವವನು ಪಳಗಿದವನಾಗಿರಬೇಕು, ಬಿಗಿ ಬಟ್ಟೆ ತೊಟ್ಟಿರಬೇಕು ಎಂದು 1948ರ ಕಾರ್ಖಾನೆ ಕಾಯಿದೆಯೇ ಬರೆದಿಟ್ಟಿತ್ತು. ಜಾತ್ರೆಯಲ್ಲಿ ನೋಡಿ: ಮೀಸೆ ಮೂಡದ ಹುಡುಗ ಲುಂಗಿ ಕಟ್ಟಿಕೊಂಡು ತಿರುಗುವ ಚಕ್ರದ ಸರಳು ಹಿಡಿದು ಮೇಲೇರುತ್ತಾನೆ. ನಾವು ಚಪ್ಪಾಳೆ ಹೊಡೆಯುತ್ತೇವೆ! ರಾತ್ರಿ ಅವನು ಮಲಗುವುದೂ ಅದೇ ಚಕ್ರದ ಅಡಿಯಲ್ಲಿ.

ಮೇಲೆ ಆಳು ಹತ್ತಿದ್ದಾನೆ ಎಂದರೆ ಕೆಳಗೆ ಮೇನ್ ಸ್ವಿಚ್ ಆಫ್ ಆಗಿರಬೇಕು, ಫ್ಯೂಸ್ ಕಿತ್ತು ಹತ್ತಿದವನ ಜೇಬಿನಲ್ಲೇ ಇರಬೇಕು. ಅವನು ಇಳಿದು ಬಂದು ತಾನೇ ಹಾಕುವತನಕ ಯಾರೂ ಮುಟ್ಟಬಾರದು. ಇದಕ್ಕೆ ಖರ್ಚೇನು? ಒಂದು ಕಾಸಿಲ್ಲ. ಮಳೆ ಬಿದ್ದ ಕಪ್ಪು ಮಣ್ಣಿನಲ್ಲಿ ಕಂಬದ ಬುಡ ಕುಸಿಯುತ್ತದೆ, ಅಡಿಗಿಟ್ಟ ಮರದ ದಿಮ್ಮಿಯನ್ನು ದಿನಾ ನೋಡಬೇಕು. ಬೋಲ್ಟು, ಪಿನ್ನು ನೋಡಿ, ಖಾಲಿ ತೊಟ್ಟಿಲು ತಿರುಗಿಸಿದ ಮೇಲೆಯೇ ಮೊದಲ ಟಿಕೆಟ್ ಹರಿಯಬೇಕು. ಜನರನ್ನು ಎದುರುಬದುರು ತೂಕ ನೋಡಿ ಕೂರಿಸಬೇಕು. ಜಡೆ, ಸೆರಗು, ದುಪಟ್ಟಾ ಕಟ್ಟಿಸಬೇಕು.

ಈಗ ನುಡಿಯ ಮಾತಿಗೆ ಬರುತ್ತೇನೆ. ಭಾರತೀಯ ಮಾನಕ ಬ್ಯೂರೋ ಈ ಯಂತ್ರಗಳಿಗೆಂದೇ ಐಎಸ್ 15475 ಎಂಬ ಮಾನಕ ಮಾಡಿದೆ. ಅದನ್ನು ಓದಿದ ಜಾತ್ರೆಯವನನ್ನು ನಾನಂತೂ ಕಂಡಿಲ್ಲ. ಮೇಲೆ ಕುಳಿತ ಮಗು "ನಿಲ್ಸೀ, ನಿಲ್ಸೀ" ಎಂದು ಅರಚುತ್ತದೆ. ಸ್ವಿಚ್ಚಿನವನಿಗೆ ಕನ್ನಡ ಬಾರದು, ಬಂದರೂ ಮೈಕಿನ ಅಬ್ಬರದಲ್ಲಿ ಕೇಳದು. ಹೊರರಾಜ್ಯದಿಂದ ಬಂದ ಆ ಬಡಪಾಯಿಯನ್ನು ಬೈಯುವುದು ನನ್ನ ಉದ್ದೇಶವಲ್ಲ. ಅವನಿಗೆ ಕೆಲಸದ ನಿಯಮವನ್ನು ಅವನ ಭಾಷೆಯಲ್ಲೇ ಹೇಳಿಕೊಡಲಿ. ಹತ್ತುವವರಿಗೆ ಹಲಗೆ ಕನ್ನಡದಲ್ಲಿ ಇರಲಿ. "ನಿಲ್ಲಿಸು" ಎಂಬ ಒಂದು ಕನ್ನಡ ಮಾತನ್ನಾದರೂ ಕಲಿಯದವನ ಕೈಗೆ ಸ್ವಿಚ್ ಕೊಡಬಾರದು.

ಜಾತ್ರೆ ಬಯಲಿನ ಹರಾಜು ಕೂಗುವಾಗ ನೆಲಬಾಡಿಗೆಯ ಜೊತೆಗೆ ಈ ಷರತ್ತುಗಳನ್ನೂ ಬರೆಸಬೇಕು. ನೀವು ಹರಾಜಿನ ದಿನ ಪಂಚಾಯಿತಿ ಮುಂದೆ ಬಂದು ನಿಲ್ಲಿ. ಹಲಗೆಗೆ ಅಂಟಿಸುವ ಕಾಗದ ನಾನು ಅಚ್ಚು ಹಾಕಿಕೊಡುತ್ತೇನೆ, ಕೂಲಿ ಬೇಡ.