ಸೂಜಿಗೆ ದಾರಿ ತೋರುವ ಕಣ್ಣು



ಕಿಡ್ನಿ ಹರಳಿನ ಆಪರೇಷನ್ನಿಗೆಂದು ಮುನವಳ್ಳಿಯಿಂದ ಬೆಳಗಾವಿಗೋ ಹುಬ್ಬಳ್ಳಿಗೋ ಹೊರಟವರು ಮೊದಲು ಕೇಳುವುದು ಖರ್ಚಿನ ಮಾತು. ಆಮೇಲೆ ಇದು: “ಬೆನ್ನಿಗೆ ಒಂದ ತೂತ ಹಾಕ್ತಾರಂತ. ಒಳಗ ಕಲ್ಲ ಎಲ್ಲಿ ಐತಿ ಅಂತ ಅವರಿಗೆ ಹೆಂಗ ಗೊತ್ತಾಗತೈತ್ರಿ?” ಡಾಕ್ಟರುಗಳೂ ಶತಮಾನಗಳ ಕಾಲ ತಡಕಾಡಿದ್ದು ಇದೇ ಪ್ರಶ್ನೆಗೆ.

ಸುಶ್ರುತನ ಕಾಲದಲ್ಲಿ ಬೆರಳೇ ಕಣ್ಣು. ಗುದದ್ವಾರದಿಂದ ಎಡಗೈಯ ಎರಡು ಬೆರಳು ತೂರಿಸಿ, ಮೂತ್ರಕೋಶದ ಕಲ್ಲನ್ನು ಒತ್ತಿ ಹಿಡಿದು, ಉಬ್ಬಿದ ಜಾಗದಲ್ಲಿ ಕೊಯ್ಯಬೇಕೆಂದು ಆತ ವಿವರಿಸಿದ್ದಾನೆ. ಆದರೆ ಪಕ್ಕೆಲುಬಿನ ಮರೆಯಲ್ಲಿರುವ ಮೂತ್ರಪಿಂಡಕ್ಕೆ ಬೆರಳು ಮುಟ್ಟುವುದೆಲ್ಲಿಂದ?

1895ರ ನವೆಂಬರಿನಲ್ಲಿ ರಾಂಟ್‌ಜನ್ ಎಕ್ಸ್‌ರೇ ಕಂಡುಹಿಡಿದರು. ಮರುವರ್ಷವೇ ಗ್ಲಾಸ್ಗೋದ ಜಾನ್ ಮ್ಯಾಕಿಂಟೈರ್ ಮೂತ್ರಪಿಂಡದ ಹರಳನ್ನು ಅದರಲ್ಲಿ ತೋರಿಸಿದರು. ಸುಣ್ಣದಂಶದ ಹರಳು ಬೆಳ್ಳಗೆ ಕಾಣುತ್ತದೆ, ನಿಜ. ಯೂರಿಕ್ ಆಮ್ಲದ ಹರಳು ಮಾತ್ರ ತಪ್ಪಿಸಿಕೊಳ್ಳುತ್ತದೆ. ಅದಲ್ಲದೆ ಮೂತ್ರಪಿಂಡದ ಒಳಗಿನ ಕೋಣೆಗಳು ಎಕ್ಸ್‌ರೇಗೆ ಕಾಣುವುದೇ ಇಲ್ಲ. ಅವು ಕಾಣಲೆಂದು 1906ರಲ್ಲಿ ಜರ್ಮನಿಯಲ್ಲಿ ಮೂತ್ರನಾಳದ ಮೂಲಕ ಬೆಳ್ಳಿಯ ದ್ರಾವಣ ಏರಿಸಿದರು. 1929ರಲ್ಲಿ ಮೋಸೆಸ್ ಸ್ವಿಕ್ ಎಂಬ ತರುಣ ವೈದ್ಯರು ಅಯೋಡಿನ್ ಇರುವ ಔಷಧಿಯನ್ನು ರಕ್ತನಾಳಕ್ಕೇ ಕೊಟ್ಟು, ಮೂತ್ರಪಿಂಡ ತಾನಾಗಿ ಸೋಸಿಕೊಳ್ಳುವಂತೆ ಮಾಡಿದರು. ಇಷ್ಟಾದರೂ ಇವೆಲ್ಲ ಆಪರೇಷನ್ನಿಗೆ ಮುಂಚೆ ತೆಗೆದ ಚಿತ್ರಗಳು. ಟೇಬಲ್ ಮೇಲೆ ಮಲಗಿದವನಿಗೆ ಪಕ್ಕೆಯುದ್ದದ ಗಾಯ ತಪ್ಪುತ್ತಿರಲಿಲ್ಲ.

ಅದನ್ನು ತಪ್ಪಿಸಿದ್ದು 1976. ಸ್ವೀಡನ್ನಿನ ಫರ್ನ್‌ಸ್ಟ್ರಾಮ್ ಮತ್ತು ಜೋಹಾನ್ಸನ್, ಎಕ್ಸ್‌ರೇ ನೋಡುತ್ತಲೇ ಬೆನ್ನಿನ ತೂತಿನಿಂದ ಹರಳು ತೆಗೆದದ್ದನ್ನು ವರದಿ ಮಾಡಿದರು. ನಾಲ್ಕು ವರ್ಷಕ್ಕೆ ಮ್ಯೂನಿಕ್‌ನಲ್ಲಿ ಹೊರಗಿನಿಂದಲೇ ಆಘಾತದ ಅಲೆ ಹಾಯಿಸಿ ಹರಳು ಪುಡಿಮಾಡುವ ಯಂತ್ರವೂ ಬಂತು. ಗುರಿ ಹಿಡಿಯಲು ಅದಕ್ಕೂ ಎಕ್ಸ್‌ರೇಯೇ ಬೇಕಾಯಿತು.

ಬೆನ್ನಿನ ತೂತಿನ ಆಪರೇಷನ್ ಥಿಯೇಟರಿನಲ್ಲಿ ನಡೆಯುವುದು ಹೀಗೆ. ರೋಗಿ ಬೋರಲು. ಡಾಕ್ಟರ ಮೈಮೇಲೆ ಸೀಸದ ಏಪ್ರನ್. ಕಮಾನಿನಾಕಾರದ ಸಿ-ಆರ್ಮ್ ಎಕ್ಸ್‌ರೇ ಯಂತ್ರ ರೋಗಿಯನ್ನು ಮೇಲೆ ಕೆಳಗೆ ಬಳಸಿ ನಿಂತಿರುತ್ತದೆ. ಮೂತ್ರನಾಳದಿಂದ ಎಕ್ಸ್‌ರೇಗೆ ಕಾಣುವ ಔಷಧಿ ಬಿಟ್ಟೊಡನೆ ಒಳಕೋಣೆಗಳು ಪರದೆಯ ಮೇಲೆ ಮೂಡುತ್ತವೆ. ಸೂಜಿಯ ತುದಿ, ಬುಡ, ಕೋಣೆ ಮೂರೂ ಒಂದೇ ಚುಕ್ಕೆಯಾಗಿ ಕಾಣುವಂತೆ ಹಿಡಿದು ಚುಚ್ಚುವುದು ಒಂದು ವಿಧಾನ. ಆದರೆ ಮೂತ್ರಪಿಂಡ ನಿಂತಲ್ಲಿ ನಿಲ್ಲುವುದಿಲ್ಲ, ಉಸಿರಿನ ಜೊತೆ ಮೇಲೆ ಕೆಳಗೆ ಸರಿಯುತ್ತದೆ. ಪೂರ್ತಿ ಅರಿವಳಿಕೆ ಕೊಟ್ಟಿದ್ದರೆ, ಆ ಗಳಿಗೆಗೆ ಅರಿವಳಿಕೆ ವೈದ್ಯರು ಉಸಿರಾಟವನ್ನೇ ತಡೆದು ಹಿಡಿಯುತ್ತಾರೆ.

ಇಷ್ಟು ಮಾಡಿದರೂ ಎಕ್ಸ್‌ರೇಗೆ ದಾರಿಯಲ್ಲಿ ಅಡ್ಡ ಬರುವ ಕರುಳು, ಶ್ವಾಸಕೋಶದ ಅಂಚು ಸ್ಪಷ್ಟವಾಗಿ ಕಾಣವು. ವಿಕಿರಣ ಬೇರೆ, ರೋಗಿಗೆ ಒಂದು ದಿನದ ಮಾತು, ಡಾಕ್ಟರಿಗೆ ದಿನಾ. ಇಲ್ಲಿ ಅಲ್ಟ್ರಾಸೌಂಡ್ ಗೆಲ್ಲುತ್ತದೆ ಎಂಬುದು ನನ್ನ ಅನಿಸಿಕೆ. ಗುಜರಾತಿನ ನಡಿಯಾದ್‌ನಲ್ಲಿರುವ ಮೂಲ್‌ಜಿಭಾಯಿ ಪಟೇಲ್ ಆಸ್ಪತ್ರೆ ಈ ದಾರಿಯಲ್ಲಿ ಹೆಸರು ಮಾಡಿದೆ. ಅಲ್ಲಿನ ಮಹೇಶ್ ದೇಸಾಯಿ ಮತ್ತು ಸಂಗಡಿಗರು 2011ರಲ್ಲಿ, ಸುಮಾರು 1.6 ಮಿಲಿಮೀಟರ್ ದಪ್ಪದ ಸೂಜಿಯೊಳಗೇ ದುರ್ಬೀನು ಕೂರಿಸಿ ಸಣ್ಣ ಹರಳು ತೆಗೆದದ್ದನ್ನು ಪ್ರಕಟಿಸಿದರು. ಹಳೆಯ ವಿಧಾನದ ತೂತು ಸುಮಾರು ಹತ್ತು ಮಿಲಿಮೀಟರ್‌ನದು. ಹಾಗಂತ ಅಲ್ಟ್ರಾಸೌಂಡ್‌ಗೆ ಎಲ್ಲವೂ ಸಲೀಸಲ್ಲ. ಊದಿಕೊಳ್ಳದ ಮೂತ್ರಪಿಂಡದಲ್ಲಿ ಗುರಿ ಸಿಗುವುದು ಕಷ್ಟ, ಸೂಜಿಯೊಳಗಿಂದ ದಾರಿಗೆಂದು ಬಿಡುವ ತಂತಿಯೂ ಮಸುಕು. ಅದಕ್ಕೇ ಹಲವರು ಎರಡನ್ನೂ ಜೊತೆಗಿಟ್ಟುಕೊಳ್ಳುತ್ತಾರೆ.

ಆಪರೇಷನ್ ಮುಗಿದ ಮೇಲೂ ನೋಡುವ ಕೆಲಸ ಇರುತ್ತದೆ. ಕಣ್ಣುತಪ್ಪಿ ಉಳಿದ ಚೂರು ಮತ್ತೆ ಬೆಳೆಯಬಹುದು. ಕೆಲವು ವಾರ ಬಿಟ್ಟು ಸ್ಕ್ಯಾನಿಂಗಿಗೆ ಬರಹೇಳುವುದು ಅದಕ್ಕಾಗಿಯೇ. “ನೋವು ಹೋತಲ್ಲ, ಮತ್ಯಾಕ ಹೋಗೂದು” ಎಂದು ಬಸ್ ಚಾರ್ಜಿನ ಲೆಕ್ಕ ಹಾಕುವವರು ನಮ್ಮಲ್ಲಿ ಬಹಳ. ದಯವಿಟ್ಟು ಹೋಗಿ ಬನ್ನಿ.