ಬಂದೂಕನ್ನು ತಿದ್ದುವುದೋ, ಬದಲಿಸುವುದೋ?

(ಮೈಸೂರಿನಲ್ಲಿ ಗಿರಣಿ ಕಾರ್ಮಿಕರು ಮತ್ತು ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ದಸರೆಯ ಕೊನೆಯ ರಾತ್ರಿ ಬನ್ನಿಮಂಟಪದ ಮೈದಾನದಲ್ಲಿ ಪಂಜಿನ ಕವಾಯತು ನೋಡದವರು ಈ ಸಭೆಯಲ್ಲಿ ಬಹಳ ಮಂದಿ ಇರಲಾರರು. ಪೊಲೀಸ್ ದಳಗಳು ಸಾಲಾಗಿ ಬರುತ್ತವೆ. ಹೆಗಲ ಮೇಲೆ ಬಂದೂಕು. ನಾವು ಬೂಟಿನ ತಾಳ ಕೇಳುತ್ತೇವೆ, ಪಂಜು ನೋಡುತ್ತೇವೆ, ಮಕ್ಕಳಿಗೆ ಕಡಲೆಕಾಯಿ ಕೊಡಿಸಿ ಮನೆಗೆ ಬರುತ್ತೇವೆ. ಆ ಬಂದೂಕು ಎಲ್ಲಿ ತಯಾರಾಯಿತು, ಅದಕ್ಕೆ ಹಣ ಕೊಟ್ಟವರು ಯಾರು ಎಂದು ಕೇಳುವುದಿಲ್ಲ. ಹಣ ಕೊಟ್ಟವರು ನಾವೇ. ಸಾಬೂನಿನ ಮೇಲೂ ಬೀಡಿಯ ಮೇಲೂ ನಾವು ತೆತ್ತ ತೆರಿಗೆಯಲ್ಲಿ ಅದರ ಪಾಲು ಉಂಟು.

ನಮ್ಮ ಸೇನೆ ಇನ್ಸಾಸ್ ಎಂಬ ಸ್ವದೇಶಿ ಬಂದೂಕನ್ನು ಬಿಟ್ಟು ಬೇರೆ ಜಾತಿಯ ಬಂದೂಕಿಗೆ ಹೋಗಿರುವ ವಿಷಯ ತಮಗೆ ಗೊತ್ತು. ಇದ್ದುದನ್ನೇ ತಿದ್ದಿ ಇಟ್ಟುಕೊಳ್ಳಬಹುದಿತ್ತೇ, ಬದಲಿಸಿದ್ದೇ ಸರಿಯೇ ಎಂಬುದರ ಮೇಲೆ ಮಾತಾಡಿ ಎಂದು ನನಗೆ ಹೇಳಿದ್ದಾರೆ. ನಾನು ಸಿಪಾಯಿಯಲ್ಲ. ಆದರೆ ಹಳೆಯ ಯಂತ್ರವನ್ನು ತಿದ್ದುವುದೋ ಬದಲಿಸುವುದೋ ಎಂಬ ಪ್ರಶ್ನೆಯ ಜೊತೆಗೇ ನನ್ನ ಅರ್ಧ ಆಯುಸ್ಸು ಕಳೆದಿದೆ. ಅಲ್ಲಿಂದಲೇ ಮೊದಲು ಮಾಡುತ್ತೇನೆ.

ನಾನು ಇಪ್ಪತ್ತು ವರ್ಷ ಒಂದು ಮಿಲ್ಲಿನ ನೇಯ್ಗೆ ವಿಭಾಗದಲ್ಲಿ ಫಿಟ್ಟರನಾಗಿದ್ದೆ. ಯಾವ ಮಿಲ್ಲು ಎಂಬುದು ಬೇಡ. ಅದರ ಬಾಗಿಲು ಮುಚ್ಚಿ ಬಹಳ ಕಾಲವಾಯಿತು. ಹಳೆಯ ಮಗ್ಗಗಳಿಗೆ ಹೊಸ ಸಾಧನ ಕೂಡಿಸಬೇಕೆಂದು ಒಂದು ವರ್ಷ ಅಪ್ಪಣೆಯಾಯಿತು: ಹಾಸಿನ ಎಳೆ ಕಡಿದರೆ ಮಗ್ಗ ತಾನಾಗಿಯೇ ನಿಲ್ಲಬೇಕು, ಕಂಡಿಕೆ ಮುಗಿದರೆ ತಾನಾಗಿಯೇ ಬದಲಾಗಬೇಕು. ಕೂಡಿಸಿದೆವು. ಮೈ ಗಟ್ಟಿಯಿದ್ದ ಮಗ್ಗಗಳು ಚೆನ್ನಾಗಿ ನಡೆದವು. ಬುಶ್ಶು ಸವೆದು ಕಾಲು ನಡುಗುತ್ತಿದ್ದ ಮಗ್ಗಗಳಲ್ಲಿ ಲಾಳಿ ಹಾರಿ ಬಿದ್ದಿತು. ಆಗ ಮಾಲೀಕರು ಹಳೆಯದಕ್ಕೆ ಕೈಮುಗಿದು, ಸಾಲ ಮಾಡಿ, ವೇಗದ ಹೊಸ ಮಗ್ಗಗಳನ್ನು ತರಿಸಿದರು. ಅವುಗಳ ವೇಗಕ್ಕೆ ನಮ್ಮದೇ ನೂಲಿನ ವಿಭಾಗದ ನೂಲು ತಡೆಯಲಿಲ್ಲ, ಗಳಿಗೆಗೊಮ್ಮೆ ಕಡಿಯಿತು. ಹೊರಗಿನಿಂದ ನೂಲು ಕೊಳ್ಳಬೇಕಾಯಿತು. ತಪ್ಪು ಹೊತ್ತವರು ಯಾರು? ನೇಕಾರರು! ಮೆಮೋ ಬಂದದ್ದು ಅವರಿಗೆ.

ಮಗ್ಗಕ್ಕೆ ನೂಲು ಹೇಗೋ ಬಂದೂಕಿಗೆ ತೋಟಾ ಹಾಗೆ. ಈ ಒಂದು ಮಾತನ್ನು ಕೈಯಲ್ಲಿ ಹಿಡಿದುಕೊಂಡು ಮುಂದಿನದನ್ನು ಕೇಳಬೇಕು.

ಎನ್.ಸಿ.ಸಿ.ಯಲ್ಲಿದ್ದವರು .303 ಬಂದೂಕನ್ನು ಹೊತ್ತೇ ಇರುತ್ತೀರಿ. ಬ್ರಿಟಿಷರ ಕಾಲದ್ದು. ಒಂದು ಗುಂಡು ಹೊಡೆದ ಮೇಲೆ ಬೋಲ್ಟನ್ನು ಕೈಯಿಂದ ಎಳೆದು ಮತ್ತೆ ಮುಂದಕ್ಕೆ ನೂಕಬೇಕು. 1962ರಲ್ಲಿ ಹಿಮಾಲಯದ ಚಳಿಯಲ್ಲಿ ನಮ್ಮ ಜವಾನರ ಕೈಯಲ್ಲಿ ಇದ್ದುದು ಅದೇ. ಎದುರಿನವರ ಕೈಯಲ್ಲಿ ಅರೆಸ್ವಯಂಚಾಲಿತ, ಸ್ವಯಂಚಾಲಿತ ಬಂದೂಕುಗಳಿದ್ದವು. ಆ ಸೋಲಿಗೆ ಬಂದೂಕೊಂದೇ ಕಾರಣವಲ್ಲ; ಬಟ್ಟೆ, ದಾರಿ, ದಿಲ್ಲಿಯ ಬುದ್ಧಿ ಎಲ್ಲವೂ ಸೋತಿದ್ದವು. ಆದರೂ ಬಂದೂಕಿನ ಮಾತು ಆಗ ಎದ್ದಿತು.

ಆಗ ಬಂಗಾಳದ ಇಷಾಪುರ ಕಾರ್ಖಾನೆ ಮಾಡಿದ ಕೆಲಸವನ್ನು ನಾನು ಮೆಚ್ಚುತ್ತೇನೆ. ಅಲ್ಲಿ ಎರಡು ಕೆಲಸ ಒಟ್ಟಿಗೆ ನಡೆದವು. ಒಂದು ಕಡೆ, ಬೆಲ್ಜಿಯಂ ಮಾದರಿಯನ್ನು ಅನುಸರಿಸಿ, ಕುದುರೆ ಒತ್ತಿದಂತೆಲ್ಲ ಒಂದೊಂದು ಗುಂಡು ಹಾರುವ ಎಸ್.ಎಲ್.ಆರ್. ತಯಾರಾಯಿತು. ಅದರ ತೋಟಾ 7.62 ಮಿಲಿಮೀಟರ್ ಅಗಲ, 51 ಮಿಲಿಮೀಟರ್ ಉದ್ದದ ಕೋಶ. ಲಕ್ಷಾಂತರ ಹೊಸ ಬಂದೂಕು ಒಂದು ದಿನದಲ್ಲಿ ಆಗುವ ಮಾತಲ್ಲ. ಆದುದರಿಂದ ಇನ್ನೊಂದು ಕಡೆ, ಹಳೆಯ .303ರ ಅಚ್ಚಿನಲ್ಲೇ, ಅದಕ್ಕಿಂತ ಗಟ್ಟಿಯಾದ ಉಕ್ಕಿನಲ್ಲಿ, ಅದೇ ಹೊಸ ತೋಟಾ ಹಾರಿಸುವ ಬಂದೂಕನ್ನು ಮಾಡಿದರು. 2ಎ, ಆಮೇಲೆ 2ಎ1 ಎಂದು ಅದರ ಹೆಸರು. ಹೊಸ ತೋಟಾದ ಒತ್ತಡ ಹೆಚ್ಚು, ಹಳೆಯ ಉಕ್ಕು ತಡೆಯದು ಎಂದು ಉಕ್ಕನ್ನು ಬದಲಿಸಿದರು. ಕಾರ್ಮಿಕರ ಕೈಗೆ ಪಳಗಿದ್ದ ಅಚ್ಚನ್ನು ಬದಲಿಸಲಿಲ್ಲ. ಮೊದಲು ತೋಟಾ ಯಾವುದೆಂದು ನಿರ್ಧಾರವಾಗಿತ್ತು. ಅದರ ಮೇಲೆ ತಿದ್ದುವ ಕೆಲಸವೂ ಬದಲಿಸುವ ಕೆಲಸವೂ ಒಂದಕ್ಕೊಂದು ಅಡ್ಡಬಾರದೆ ನಡೆದವು.

ನಮ್ಮ ನೆರೆಯ ಶ್ರೀರಂಗಪಟ್ಟಣದ ರಾಕೆಟ್ಟಿನಲ್ಲಿ ನಡೆದದ್ದೂ ಇಂಥದೇ ಬುದ್ಧಿ. ಅದೇ ಬಾಣ, ಅದೇ ಮದ್ದು. ನಳಿಗೆ ಮಾತ್ರ ಕಬ್ಬಿಣದ್ದು. ಮದ್ದನ್ನು ಬಿಗಿಯಾಗಿ ತುಂಬಲು ಸಾಧ್ಯವಾಯಿತು, ದೂರ ಹಾರಿತು. ಕಬ್ಬಿಣ ನಮ್ಮದು, ಬಡಿಯುವ ಕೈಯೂ ನಮ್ಮದು.

ಇನ್ನು ಇನ್ಸಾಸ್. 1980ರ ದಶಕದಲ್ಲಿ ಪುಣೆಯ ಶಸ್ತ್ರಾಸ್ತ್ರ ಸಂಶೋಧನಾ ಸಂಸ್ಥೆ ಇದರ ವಿನ್ಯಾಸಕ್ಕೆ ಕೈಹಾಕಿತು. ತೋಟಾ ಚಿಕ್ಕದು: 5.56 ಮಿಲಿಮೀಟರ್. ಏಕೆ ಚಿಕ್ಕದು? ಇಲ್ಲಿರುವ ವ್ಯಾಪಾರಿಗಳು ತಕ್ಕಡಿ ಹಿಡಿದು ನೋಡಲಿ. ಎಸ್.ಎಲ್.ಆರ್.ನ ಉದ್ದ ತೋಟಾ ನೂರು ತೂಗಿದರೆ ಸುಮಾರು 2.4 ಕಿಲೋ. ಈ ಚಿಕ್ಕ ತೋಟಾ ನೂರಕ್ಕೆ ಸುಮಾರು 1.2 ಕಿಲೋ. ಬೆಟ್ಟ ಹತ್ತುವ ಜವಾನ ಅದೇ ಭಾರದಲ್ಲಿ ಎರಡರಷ್ಟು ಗುಂಡು ಒಯ್ಯಬಹುದು. ಇದು ಒಪ್ಪುವ ಲೆಕ್ಕ. ಆದರೆ 1990ರ ದಶಕದಲ್ಲಿ ಬಂದೂಕು ಸಿದ್ಧವಾಗುವ ಹೊತ್ತಿಗೆ ನಮ್ಮ ಕಾರ್ಖಾನೆಗಳಲ್ಲಿ ಅದರ ತೋಟಾ ಸಾಕಷ್ಟು ಸಿದ್ಧವಿರಲಿಲ್ಲ, ಹೊರದೇಶದಿಂದ ತರಿಸಬೇಕಾಯಿತು. ಮಗ್ಗ ಬಂದಿತ್ತು, ನೂಲು ಬಂದಿರಲಿಲ್ಲ.

1999ರಲ್ಲಿ ಕಾರ್ಗಿಲ್ ಯುದ್ಧ ಬಂತು. ಪ್ಲಾಸ್ಟಿಕ್ಕಿನ ಮ್ಯಾಗಜೀನು, ಅಂದರೆ ತೋಟಾ ತುಂಬುವ ಡಬ್ಬಿ, ಚಳಿಗೆ ಬಿರುಕು ಬಿಟ್ಟಿತು, ತೋಟಾ ಸಿಕ್ಕಿಕೊಂಡಿತು, ಮೂರು ಗುಂಡಿಗೆ ನಿಲ್ಲಬೇಕಾದದ್ದು ನಿಲ್ಲದೆ ಹಾರಿತು ಎಂಬ ದೂರುಗಳು ಬಂದವು. ಗುಂಡು ಹಾರಬೇಕಾದ ಕ್ಷಣದಲ್ಲಿ ಹಾರದ ಬಂದೂಕು ಹಿಡಿದವನ ಪಾಡನ್ನು ನಾನು ವರ್ಣಿಸುವುದಿಲ್ಲ. ಈ ಸೀಮೆಯ ಊರುಗಳಿಂದಲೂ ಮಕ್ಕಳು ಸೇನೆಗೆ ಹೋಗಿದ್ದಾರೆ. 2005ರಲ್ಲಿ ನೇಪಾಳದ ಸೇನೆಯೂ ದೂರಿತು; ನಮ್ಮವರು, ಬಂದೂಕಿನ ದೋಷವಲ್ಲ, ಬಳಸಿದವರ ದೋಷ ಎಂದರು. ಮೆಮೋ ನೇಕಾರನಿಗೇ!

ಫಿಟ್ಟರನ ಕಣ್ಣಿನಿಂದ ನೋಡಿದರೆ ಈ ದೋಷಗಳು ಎರಡು ಬಗೆ. ಡಬ್ಬಿಯ ಪ್ಲಾಸ್ಟಿಕ್ಕು, ಭಾಗಗಳ ಕೂಡಿಕೆ, ಕೊನೆಯ ತಪಾಸಣೆ: ಇವು ತಯಾರಿಕೆಯವು. ತಿದ್ದಬಹುದು, ಸ್ವಲ್ಪ ಮಟ್ಟಿಗೆ ತಿದ್ದಿಯೂ ಇದ್ದರು. ಒಳಗಿನ ಯಂತ್ರವಂತೂ ರಷ್ಯದ ಎ.ಕೆ. ಬಂದೂಕಿನ ನೆಂಟನೇ: ಅದರಂತೆಯೇ ಅನಿಲದಿಂದ ಹಿಂದಕ್ಕೆ ಸರಿಯುವ ಪಿಸ್ಟನ್, ತಿರುಗುವ ಬೋಲ್ಟ್. ಇನ್ನೊಂದು ಬಗೆ ವಿನ್ಯಾಸದ್ದು. 96 ಸೆಂಟಿಮೀಟರ್ ಉದ್ದ, ಡಬ್ಬಿಯಿಲ್ಲದೆ 4 ಕಿಲೋಗೂ ಮೇಲ್ಪಟ್ಟ ತೂಕ, ಡಬ್ಬಿಗೆ ಇಪ್ಪತ್ತೇ ತೋಟಾ. ಕಾಡಿನ ಪೊದೆಯಲ್ಲಿ, ಮನೆಯ ಬಾಗಿಲಲ್ಲಿ ತಿರುಗಿಸಲು ತೊಡಕು. ಇದಕ್ಕೂ ಉತ್ತರವಾಗಿ ನಳಿಗೆಯನ್ನು ಮೋಟು ಮಾಡಿ ಎಕ್ಸ್‌ಕ್ಯಾಲಿಬರ್ ಎಂಬ ತಿದ್ದಿದ ಬಂದೂಕು ಬಂತು. ಅಷ್ಟರಲ್ಲಿ ಕೇಳುವವರ ಮನಸ್ಸೇ ಬದಲಾಗಿತ್ತು.

2011ರಲ್ಲಿ ಟೆಂಡರು ಕರೆದರು: ನಳಿಗೆ ಬದಲಿಸಿದರೆ ಎರಡು ಜಾತಿಯ ತೋಟಾ ಹಾರಿಸುವ ಬಂದೂಕು ಬೇಕು. ನಾಲ್ಕು ವರ್ಷ ನಡೆದು 2015ರಲ್ಲಿ ರದ್ದಾಯಿತು. ಆಮೇಲೆ, ಚಿಕ್ಕ ಗುಂಡು ಬೇಡ, ಎಸ್.ಎಲ್.ಆರ್. ಕಾಲದ ಉದ್ದ ತೋಟಾವೇ ಬೇಕು ಎಂದರು. ಇಷಾಪುರದವರು ಅಂಥದನ್ನು ಮಾಡಿ ತಂದರು. 2017ರಲ್ಲಿ ಪರೀಕ್ಷೆಯಲ್ಲಿ ಬಿದ್ದುಹೋಯಿತು. 2018ರಲ್ಲಿ 7.4 ಲಕ್ಷ ಬಂದೂಕುಗಳಿಗೆ 12,280 ಕೋಟಿ ರೂಪಾಯಿಯ ಮಂಜೂರಾತಿ ಕೊಟ್ಟರು. 2019ರ ಫೆಬ್ರವರಿಯಲ್ಲಿ ಉದ್ದ ತೋಟಾದ 72,400 ಸಿಗ್ ಬಂದೂಕುಗಳಿಗೆ ಅಮೆರಿಕದ ಕಂಪನಿಯ ಜೊತೆ ಕರಾರಾಯಿತು. ಅದರ ಮರುತಿಂಗಳೇ ಉತ್ತರ ಪ್ರದೇಶದ ಅಮೇಠಿಯ ಕೋರ್ವಾದಲ್ಲಿ ಎ.ಕೆ.-203 ಕಾರ್ಖಾನೆಯ ಉದ್ಘಾಟನೆ. ಅದರದು ಮೂರನೆಯ ಜಾತಿ, ಗಿಡ್ಡ ತೋಟಾ: ಅಗಲ ಅದೇ 7.62, ಉದ್ದ 39. ಉದ್ಘಾಟನೆಯ ಟೇಪು ಕತ್ತರಿಸಿದ್ದು 2019ರ ಮಾರ್ಚಿನಲ್ಲಿ. 6,01,427 ಬಂದೂಕುಗಳ ಕರಾರಿಗೆ ಸಹಿಯಾದದ್ದು 2021ರ ಡಿಸೆಂಬರಿನಲ್ಲಿ. 2024ರ ಜುಲೈವರೆಗೆ ಸೇನೆಗೆ ಸಂದದ್ದು 35 ಸಾವಿರ. ಅದೇ ವರ್ಷ ಆಗಸ್ಟಿನಲ್ಲಿ ಇನ್ನೂ 73 ಸಾವಿರ ಸಿಗ್ ಬಂದೂಕುಗಳಿಗೆ 837 ಕೋಟಿಯ ಎರಡನೆಯ ಕರಾರು.

ಕಾರ್ಗಿಲಿನಿಂದ ಎ.ಕೆ.-203ರ ಕರಾರಿಗೆ ಇಪ್ಪತ್ತೆರಡು ವರ್ಷ. ಚಿಕ್ಕದು, ಉದ್ದದ್ದು, ಗಿಡ್ಡದ್ದು ಎಂದು ಮೂರು ತೋಟಾ. ಒಂದರದು ಇನ್ನೊಂದಕ್ಕೆ ಕೂರುವುದಿಲ್ಲ. ಮೂರು ಅಳತೆಯ ಸೇರು ಇಟ್ಟುಕೊಂಡು ಅಂಗಡಿ ನಡೆಸುವವನ ಉಗ್ರಾಣ ಹೇಗಿರುತ್ತದೆಂದು ದೇವರಾಜ ಮಾರುಕಟ್ಟೆಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ.

ನನ್ನ ಅಭಿಪ್ರಾಯ ಕೇಳಿದರೆ, ಕೊನೆಗೆ ಎ.ಕೆ.ಗೆ ಹೋದದ್ದನ್ನು ತಪ್ಪೆನ್ನಲಾರೆ. ಸರಳವಾದ ಯಂತ್ರ, ಸುಮಾರು 3.8 ಕಿಲೋ, ಡಬ್ಬಿಗೆ ಮೂವತ್ತು ತೋಟಾ. ಕೆಸರು, ಧೂಳಿಗೆ ಜಗ್ಗದು. ಲಾಭದ ಜೊತೆ ನಷ್ಟವನ್ನೂ ಬರೆಯಬೇಕು: ಇದರ ಪರಿಣಾಮಕಾರಿ ದೂರ 300 ಮೀಟರ್ ಎಂದು ಸರಕಾರದ ಪ್ರಕಟಣೆಯೇ ಹೇಳಿತು. ಇನ್ಸಾಸ್‌ಗೆ 400 ಎಂದು ಹೇಳುತ್ತಿದ್ದರು. ತೋಟಾ ನೂರಕ್ಕೆ 1.6 ಕಿಲೋಗೂ ಹೆಚ್ಚು ತೂಗುತ್ತದೆ. ಹತ್ತಿರದ ಕಾದಾಟವೇ ಹೆಚ್ಚು ಎಂದು ಸೇನೆ ತಿಳಿದರೆ ಅದು ಸರಿಯಾದ ವ್ಯಾಪಾರವೇ ಇರಬಹುದು. ಆದರೆ ಅದೇ ಮಾತನ್ನು 2001ರಲ್ಲಿಯೇ ತೀರ್ಮಾನಿಸಿದ್ದರೆ, ಒಂದೋ ಇನ್ಸಾಸನ್ನು ಮೋಟು ಮಾಡಿ ನೆಟ್ಟಗೆ ಮಾಡಿಕೊಳ್ಳುತ್ತಿದ್ದೆವು, ಇಲ್ಲವೇ ಗಿಡ್ಡ ತೋಟಾದ ಬಂದೂಕನ್ನು ನಮ್ಮ ಕಾರ್ಖಾನೆಯಲ್ಲೇ ಮಾಡಲು ಕಲಿಯುತ್ತಿದ್ದೆವು. ತೋಟಾವನ್ನು ನಿರ್ಧರಿಸದೆ ಬಂದೂಕಿನ ಬಗ್ಗೆ ಜಗಳವಾಡಿದ್ದೇ ಈ ಕಾಲವನ್ನೆಲ್ಲ ತಿಂದಿತು.

ಈ ಕಾಲದಲ್ಲಿ ಬೈಗುಳ ತಿಂದವರು ಕಾರ್ಖಾನೆಯ ಕಾರ್ಮಿಕರು. ಕಾರ್ಮಿಕನ ಪರ ಮಾತಾಡುವುದೆಂದರೆ ಕೆಟ್ಟ ಸರಕಿಗೆ ವಕಾಲತ್ತು ವಹಿಸುವುದಲ್ಲ. ಬಿರುಕು ಬಿಡುವ ಡಬ್ಬಿ ತಪಾಸಣೆ ದಾಟಿ ಹೊರಗೆ ಬಂದದ್ದು ತಪ್ಪೇ. ಅದರಲ್ಲಿ ಕಾರ್ಖಾನೆಯ ಪಾಲೂ ಉಂಟು. ಆದರೆ ಗುಂಡಿನ ಅಳತೆಯನ್ನು ಮೂರು ಸಲ ಬದಲಿಸಿದವನು ಇಷಾಪುರದ ಅಥವಾ ತಿರುಚಿರಾಪಳ್ಳಿಯ ಟರ್ನರ್ ಅಲ್ಲ. ಹೀಗಿದ್ದೂ 2021ರ ಅಕ್ಟೋಬರ್ 1ರಂದು ಸರಕಾರದ 41 ಶಸ್ತ್ರಾಸ್ತ್ರ ಕಾರ್ಖಾನೆಗಳನ್ನು ಏಳು ಕಂಪನಿಗಳಾಗಿ ಒಡೆದರು. ಎಪ್ಪತ್ತು ಸಾವಿರಕ್ಕೂ ಹೆಚ್ಚು ಜನ ದುಡಿಯುತ್ತಿದ್ದ ಜಾಗ. ಅವರ ಸಂಘಗಳು ಮುಷ್ಕರದ ಮಾತೆತ್ತಿದಾಗ ಜೂನ್ 30ರಂದೇ ಸುಗ್ರೀವಾಜ್ಞೆ ಹೊರಡಿಸಿ ಮುಷ್ಕರ ನಿಷೇಧಿಸುವ ಅಧಿಕಾರ ತೆಗೆದುಕೊಂಡರು. ಆಮೇಲೆ ಅದನ್ನು ಕಾನೂನೂ ಮಾಡಿದರು. ಬಂದೂಕು ಬದಲಿಸುವುದಕ್ಕೆ ಇಪ್ಪತ್ತೆರಡು ವರ್ಷ ಬೇಕಾಯಿತು. ಮುಷ್ಕರದ ಬಾಯಿ ಕಟ್ಟುವುದಕ್ಕೆ ಒಂದು ದಿನ ಸಾಕಾಯಿತು.

ಕೊನೆಯದಾಗಿ, ಸೇನೆ ಕೆಳಗಿಟ್ಟ ಇನ್ಸಾಸ್‌ಗಳು ಏನಾಗುತ್ತವೆ ಎಂದು ಭಾಷಣಕ್ಕೆ ಮೊದಲು ಒಬ್ಬ ತರುಣರು ನನ್ನನ್ನು ಕೇಳಿದರು. ಒಳ್ಳೆಯ ಪ್ರಶ್ನೆ. 2020ರ ಗಣರಾಜ್ಯೋತ್ಸವದಂದು ಉತ್ತರ ಪ್ರದೇಶದ ಪೊಲೀಸರು .303 ಬಂದೂಕಿಗೆ ಕೊನೆಯ ವಂದನೆ ಸಲ್ಲಿಸಿದರು. ಬದಲಿಗೆ ಅವರ ಕೈಗೆ ಬಂದದ್ದು ಇನ್ಸಾಸ್ ಮತ್ತು ಎಸ್.ಎಲ್.ಆರ್. ಸೇನೆ ಬೇಡವೆಂದದ್ದೇ ಪೇದೆಗೆ ಹೊಸದು. ಇನ್ನು ಎಷ್ಟೋ ವರ್ಷ ಆ ಬಂದೂಕು ಬಡವರ ಮನೆಯ ಮಕ್ಕಳ ಹೆಗಲ ಮೇಲೇ ಇರುತ್ತದೆ. ಆದುದರಿಂದ ಅದರ ಡಬ್ಬಿ, ಸ್ಪ್ರಿಂಗು, ಬೋಲ್ಟು ಮಾಡುವ ಅಚ್ಚುಗಳನ್ನು ಗುಜರಿಗೆ ಹಾಕಕೂಡದು, ಅವುಗಳ ಮೇಲೆ ಪಳಗಿದ ಕೆಲಸಗಾರರನ್ನು ಬೇರೆ ಕಡೆಗೆ ಅಟ್ಟಕೂಡದು, ಚಳಿಗೆ ಬಿರಿಯದ ಡಬ್ಬಿಯನ್ನು ಪೇದೆಗೂ ಕೊಡಬೇಕು ಎಂದು ಈ ಸಭೆ ಒಂದು ನಿರ್ಣಯ ಮಾಡಿ ನಮ್ಮ ಲೋಕಸಭಾ ಸದಸ್ಯರಿಗೆ ಕಳಿಸಬೇಕೆಂದು ಸೂಚಿಸುತ್ತೇನೆ. ಕರಡನ್ನು ಬರೆದು ತಂದಿದ್ದೇನೆ, ಕಾರ್ಯದರ್ಶಿಗಳು ಓದಲಿ.