ಇಂಗ್ಲಿಷಿನ ‘ಟೇಕ್’ ಮತ್ತು ನಮ್ಮ ಮನೆಮಾತು



ಇಂಗ್ಲಿಷಿನಲ್ಲಿ ‘ಟೇಕ್’ ಎಂಬ ಒಂದೇ ಕ್ರಿಯಾಪದ ಹತ್ತಾರು ಕೆಲಸ ಮಾಡುತ್ತದೆ. ಸ್ನಾನಕ್ಕೂ ಅದೇ, ಔಷಧಕ್ಕೂ ಅದೇ, ಬಸ್ಸಿಗೂ ಅದೇ. ನಾವಾದರೋ ಸ್ನಾನ ಮಾಡುತ್ತೇವೆ, ಔಷಧ ಕುಡಿಯುತ್ತೇವೆ, ಬಸ್ಸು ಹಿಡಿಯುತ್ತೇವೆ. ಹೊರನಾಡಿನ ನಮ್ಮ ಮಕ್ಕಳು ‘ಬಸ್ಸು ತೆಗೆದುಕೊಂಡೆ’ ಎನ್ನುವುದುಂಟು. ಊರಿನ ಅಜ್ಜಿಗೆ ಮೊಮ್ಮಗ ಬಸ್ಸನ್ನೇ ಕೊಂಡನೆಂಬ ಅರ್ಥವಾದೀತು!

ಈ ‘ಟೇಕ್’ ಇಂಗ್ಲಿಷಿಗೂ ಹೊರಗಿನದೇ. ಸುಮಾರು ಸಾವಿರ ವರ್ಷಗಳ ಹಿಂದೆ ಸ್ಕ್ಯಾಂಡಿನೇವಿಯದ ವಲಸಿಗರೊಡನೆ ಬಂದು, ‘ನಿಮನ್’ ಎಂಬ ಮನೆಯ ಪದವನ್ನು ಕ್ರಮೇಣ ಹೊರದೂಡಿತು. ಅದರ ಒಂದು ಕುರುಹು ‘ನಂಬ್’, ಅಂದರೆ ಮರಗಟ್ಟಿದ್ದು.

ಮಕ್ಕಳು ಇಂಗ್ಲಿಷನ್ನು ಚೆನ್ನಾಗಿ ಕಲಿಯಲಿ. ಆದರೆ ಮಾಡು, ಕುಡಿ, ಹಿಡಿ ಎಂಬ ಮಾತುಗಳನ್ನು ಮನೆಯಲ್ಲಿ ನಾವು ದಿನವೂ ಆಡೋಣ. ಅವರ ಕಿವಿಗೆ ಬೀಳಲು ಇಲ್ಲಿ ಬೇರೆ ಸ್ಥಳವಿಲ್ಲ.